ಡ್ರೈವರ್ ರೂಮಿನ ಗೋಡೆಯಲ್ಲಿದ್ದ ಹೆಂಗಸು

ನಮ್ಮ ಆಫೀಸಿನ ಟಾಯ್ಲೆಟ್ ಬಾಗಿಲ ಮೇಲೆ ಒಂದು ಹದ್ದು ಹಾರುತ್ತಿದೆ. ರೆಕ್ಕೆ ಅಗಲಿಸಿಕೊಂಡು, ಹಿಮದ ಬೆಟ್ಟದ ನೆತ್ತಿಯ ಮೇಲೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಎತ್ತರಕ್ಕೆ ಏರುವವರಿಗೆ ಬಿರುಗಾಳಿಯ ಭಯವಿಲ್ಲ’ ಅಂತ ಬರೆದಿದೆ.

ಆ ಬಾಗಿಲಿಗೆ ಒಳಗಡೆ ಚಿಲಕವಿಲ್ಲ. ಚಿಲಕ ಹಾಕಿಸಿ ಸಾರ್ ಅಂತ ನಾನೂ, ಲ್ಯಾಬಿನ ಗಿರಿಜಾನೂ ಕೇಳಿ ಕೇಳಿ ಸುಸ್ತಾದೆವು. ಹದ್ದು ಬಂತು. ಚಿಲಕ ಇನ್ನೂ ಬಂದಿಲ್ಲ. (ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಕಾವಲು. ಹದ್ದಿನ ಜೊತೆಗೆ.)

ನಗು ಬಂತಾ? ನಕ್ಕುಬಿಡಿ. ಈ ವಾರ ನಗುವುದಕ್ಕೆ ಇಷ್ಟೇ ಇರುವುದು.

ಹೊಸದಾಗಿ ಈ ಅಂಕಣ ಓದುತ್ತಿರುವವರಿಗೆ ಒಂದು ಮಾತು. ನಾನು ಹಾಸನದ ಹೊರವಲಯದಲ್ಲಿರುವ ಒಂದು ಖಾಸಗಿ ಹಾಲಿನ ಚಿಲ್ಲಿಂಗ್ ಸೆಂಟರಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ಸುತ್ತಮುತ್ತಲ ಹಳ್ಳಿಗಳ ಡೈರಿಗಳಿಂದ ನಮ್ಮ ವ್ಯಾನುಗಳು ಬೆಳಿಗ್ಗೆ ಬೆಳಿಗ್ಗೆಯೇ ಕ್ಯಾನುಗಳಲ್ಲಿ ಹಾಲು ತುಂಬಿಕೊಂಡು ಬರುತ್ತವೆ. ಗಿರಿಜಾ ಫ್ಯಾಟ್ ನೋಡುತ್ತಾಳೆ, ನೀರು ಬೆರೆತಿದೆಯಾ ಅಂತ ಡಿಗ್ರಿ ನೋಡುತ್ತಾಳೆ. ಹಾಲು ತಣ್ಣಗಾಗಿ ಟ್ಯಾಂಕರ್ ಸೇರಿ ಬೆಂಗಳೂರಿಗೆ ಹೋಗುತ್ತದೆ. ದಿನಾ ಇದೇ. ಹಸುವಿಗೆ ಭಾನುವಾರ ಇಲ್ಲ, ಆದ್ದರಿಂದ ನಮಗೂ ಇಲ್ಲ.

ನಮ್ಮ ಮ್ಯಾನೇಜರ್ ಒಳ್ಳೆಯವರೇ. ಆದರೆ ಹೋದ ವರ್ಷ ಅವರನ್ನು ಯಾವುದೋ ಟ್ರೈನಿಂಗಿಗೆ ಕಳಿಸಿದರು. ಹೋಗುವಾಗ ಚೆನ್ನಾಗಿಯೇ ಇದ್ದರು. ಬರುವಾಗ ‘ಮೋಟಿವೇಶನ್’ ಅಂಟಿಸಿಕೊಂಡು ಬಂದರು. ಗೋಡೆ ಖಾಲಿ ಇದ್ದರೆ ಮನಸ್ಸೂ ಖಾಲಿ ಇರುತ್ತದೆ ಅಂತ ಯಾರೋ ಅಲ್ಲಿ ಹೇಳಿಕೊಟ್ಟಿದ್ದರಂತೆ. ಚನ್ನರಾಯಪಟ್ಟಣದಲ್ಲಿ ಅವರ ಭಾಮೈದನ ಫ್ಲೆಕ್ಸ್ ಅಂಗಡಿ ಇದೆ. ಒಂದು ಸೋಮವಾರ ತೆಂಗಿನಕಾಯಿ ಲಾರಿಯೊಂದರಲ್ಲಿ ಪೋಸ್ಟರುಗಳ ದೊಡ್ಡ ಸುರುಳಿಯೇ ಬಂದು ಇಳಿಯಿತು.

ಸ್ಟೋರ್ ರೂಮಿಗೆ ಇರುವೆಗಳ ಸಾಲು ಬಂತು. ನನ್ನ ಟೇಬಲ್ಲಿನ ಎದುರಿಗೆ ಹಗ್ಗ ಹಿಡಿದು ಬೆಟ್ಟ ಹತ್ತುವ ಮನುಷ್ಯ ಬಂದ. ಲ್ಯಾಬಿಗೆ ‘ದೊಡ್ಡ ಕನಸು ಕಾಣಿ’ ಅಂತ ಬಂತು.

‘ಕನಸು ಕಾಣಕ್ಕೆ ಮೊದ್ಲು ನಿದ್ದೆ ಬೇಕಲ್ಲ ಮೇಡಂ? ಕೋಳಿ ಕೂಗೋಕೆ ಮುಂಚೆ ಎದ್ದು ಬರೋಳು ನಾನು’ ಅಂದಳು ಗಿರಿಜಾ.

ಪೋಸ್ಟರ್ ನೋಡಿ ಯಾರಾದರೂ ಚೆನ್ನಾಗಿ ಕೆಲಸ ಮಾಡುತ್ತಾರಾ? ನಿಮ್ಮ ಆಫೀಸಿನಲ್ಲೂ ಇರುತ್ತವಲ್ಲ, ನೀವೇ ಹೇಳಿ. ಮೊದಲ ದಿನ ಓದುತ್ತೇವೆ. ಎರಡನೇ ದಿನ ಅದರಲ್ಲಿ ಕಾಗುಣಿತದ ತಪ್ಪು ಹುಡುಕುತ್ತೇವೆ. ಆಮೇಲೆ ಅದು ಗೋಡೆಯೇ ಆಗಿಬಿಡುತ್ತದೆ. ನನ್ನ ಎದುರಿಗಿದ್ದ ಬೆಟ್ಟ ಹತ್ತುವವನ ಹಿಂದೆ ಒಂದು ಹಲ್ಲಿ ಸಂಸಾರ ಹೂಡಿತು. ಅದಕ್ಕಿಂತ ಹೆಚ್ಚಿನ ಉಪಯೋಗ ನನಗೇನೂ ಕಾಣಲಿಲ್ಲ.

ಡ್ರೈವರ್ ರೂಮಿಗೆ ಬಂದ ಪೋಸ್ಟರ್ ಮಾತ್ರ ಸ್ವಲ್ಪ ಬೇರೆ ಥರ ಇತ್ತು. ಒಂದು ಮನೆಯ ಬಾಗಿಲು. ಬಾಗಿಲಲ್ಲಿ ಒಬ್ಬ ಹೆಂಗಸು, ಸೊಂಟದ ಮೇಲೆ ಒಂದು ಮಗು. ಇಬ್ಬರೂ ರಸ್ತೆಯ ಕಡೆ ನೋಡುತ್ತಿದ್ದಾರೆ. ‘ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ. ನಿಧಾನವಾಗಿ ಓಡಿಸಿ.’ ಭಾಮೈದ ಇಂಟರ್ನೆಟ್ಟಿನಿಂದ ಎತ್ತಿದ ಫೋಟೋ ಇರಬೇಕು. ಹೆಂಗಸು ಉತ್ತರದ ಕಡೆಯವಳು, ತಲೆಯ ಮೇಲೆ ಸೆರಗು, ಕೈತುಂಬಾ ಕೆಂಪು ಬಳೆ. ನಮ್ಮ ಡ್ರೈವರುಗಳಿಗೆ ಅದೊಂದು ಮನರಂಜನೆಯಾಯಿತು.

‘ಇವ್ಳು ಯಾರ ಮನೆಯೋಳ್ಲಾ? ನಮ್ ಮನೇಲಂತೂ ಇಂಗ್ ಯಾರೂ ಕಾಯಕಿಲ್ಲ’ ಅಂದ ನಂಜೇಶ. ಅವನು ಚನ್ನರಾಯಪಟ್ಟಣದ ರೂಟಿನ ಡ್ರೈವರ್, ಹೊಸದಾಗಿ ಮದುವೆಯಾದವನು.

ಅದಕ್ಕೆ ಚೆಲುವಣ್ಣ ಹೇಳಿದ್ದು ಇದು: ‘ನಮ್ಮನೆಯೋಳು ಇಂಗೆ ಬಾಗ್ಲಲ್ಲಿ ನಿಂತಿದ್ರೆ ನಾನು ಗಾಡಿ ರಿವರ್ಸ್ ತಗೊಂಡು ಓಯ್ತೀನಿ ಕಣ್ಲಾ. ಏನೋ ಗ್ರಾಚಾರ ಕಾದೈತೆ ಅಂತ.’

ರೂಮಿಗೆ ರೂಮೇ ನಕ್ಕಿತು.

ಚೆಲುವಣ್ಣ ಅಂದರೆ ಚೆಲುವರಾಜು. ಊರು ಕೊರವಂಗಲದ ಹತ್ತಿರ. ಐವತ್ತು ದಾಟಿದವರು. ಅವರದು ಅರಕಲಗೂಡಿನ ರೂಟು. ಬೆಳಿಗ್ಗೆ ಆ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ಹೊಳೆನರಸೀಪುರದ ಮೇಲೆ ಹಾಸನಕ್ಕೆ ವಾಪಸ್. ನಮ್ಮ ವ್ಯಾನುಗಳಲ್ಲಿ ಕಟ್ಟಕಡೆಗೆ ಬರುವುದು ಯಾವಾಗಲೂ ಅವರದೇ. ಅಷ್ಟು ನಿಧಾನ. ರಸ್ತೆಯಲ್ಲಿ ರಾಗಿ ಒಕ್ಕಣೆ ಹರಡಿದ್ದರೆ ಎಲ್ಲರೂ ಹತ್ತಿಸಿಕೊಂಡು ಬರುತ್ತಾರೆ, ಇವರು ಗಾಡಿ ನಿಲ್ಲಿಸಿ ಇಳಿದು, ಯಾರಾದರೂ ಮಲಗಿದ್ದಾರಾ ಅಂತ ನೋಡಿ ಹತ್ತುವವರು. ‘ಲಾಸ್ಟ್ ಬಂಡಿ ಬಂತು’ ಅಂತ ಸೆಕ್ಯುರಿಟಿಯವನು ಗೇಟು ತೆಗೆಯುತ್ತಿದ್ದ. ಮ್ಯಾನೇಜರ್ ಗಡಿಯಾರ ತೋರಿಸುತ್ತಿದ್ದರು. ‘ಹಾಲು ಒಡುದ್ರೆ ಕೇಳಿ ಸಾ’ ಅಂತ ಚೆಲುವಣ್ಣ ತಲೆ ಕೆರೆದುಕೊಳ್ಳುತ್ತಿದ್ದರು. ಅವರ ಗಾಡಿಯ ಹಾಲು ಯಾವತ್ತೂ ಒಡೆದಿದ್ದಿಲ್ಲ.

ಅವರ ಹೆಂಡತಿ ಸಾಕಮ್ಮನನ್ನು ನಾನು ನೋಡಿದ್ದು ಕಡಿಮೆ. ಆದರೆ ಅವರ ಕೈರುಚಿ ಇಡೀ ಆಫೀಸಿಗೇ ಗೊತ್ತು. ಚೆಲುವಣ್ಣನ ಡಬ್ಬಿ ಬಿಚ್ಚಿದರೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಪುಡಿ, ಕಾಲದಲ್ಲಾದರೆ ಅವರೆಕಾಳು. ಸುತ್ತ ನಾಲ್ಕು ಕೈ ಸೇರುತ್ತಿದ್ದವು. ಅವರು ಡಬ್ಬಿ ತೆರೆಯುವ ಮೊದಲೇ ಗಿರಿಜಾ ‘ಇವತ್ತೇನು ಚೆಲುವಣ್ಣ?’ ಅಂತ ಲ್ಯಾಬಿನಿಂದಲೇ ಕೂಗುತ್ತಿದ್ದಳು. ಸಾಕಮ್ಮನಿಗೂ ಇದು ಗೊತ್ತಿತ್ತು. ಎರಡು ರೊಟ್ಟಿ ಜಾಸ್ತಿಯೇ ಹಾಕಿ ಕಳಿಸುತ್ತಿದ್ದರು. ಇದ್ದ ಒಬ್ಬ ಮಗಳನ್ನು ಅರಸೀಕೆರೆಯ ಕಡೆ ಕೊಟ್ಟಿದ್ದರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ಸಾಕಮ್ಮ ಬಟ್ಟೆ ಒಗೆಯುತ್ತಿದ್ದವರು ಒಗೆಯುವ ಕಲ್ಲಿನ ಪಕ್ಕದಲ್ಲೇ ಕುಸಿದರಂತೆ. ಪಕ್ಕದ ಮನೆಯವರು ಆಟೋದಲ್ಲಿ ಹಾಸನಕ್ಕೆ ಕರೆದುಕೊಂಡು ಬಂದರು. ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಮುಗಿದಿತ್ತು. ಹೃದಯ ಅಂದರು ಡಾಕ್ಟರು. ಚೆಲುವಣ್ಣ ಆಗ ಅರಕಲಗೂಡಿನ ಆಚೆ ಯಾವುದೋ ಹಳ್ಳಿಯಲ್ಲಿ ಕ್ಯಾನು ಏರಿಸುತ್ತಿದ್ದರು. ಫೋನಿನಲ್ಲಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಂಜೇಶ ಬೈಕಿನಲ್ಲಿ ಹೋಗಿ, ‘ಸಾಕಮ್ಮಂಗೆ ಉಸಾರಿಲ್ವಂತೆ ಕಣಣ್ಣ, ಆ ಕಡೆ ಜರುಗು’ ಅಂತ ಹೇಳಿ ಸ್ಟೀರಿಂಗ್ ತಾನು ಹಿಡಿದ. ದಾರಿಯುದ್ದಕ್ಕೂ ಚೆಲುವಣ್ಣ ಏನಾಗಿದೆ ಅಂತ ಕೇಳಲೇ ಇಲ್ಲವಂತೆ. ನಂಜೇಶ ಬೈಕು ಬಿಟ್ಟು ಗಾಡಿ ಹತ್ತಿದಾಗಲೇ ಅವರಿಗೆ ಗೊತ್ತಾಗಿರಬೇಕು.

ನಾವೆಲ್ಲ ಹೋದೆವು. ಜಗಲಿಯ ಮೇಲೆ ಕೂತೆವು. ಸಾವಿನ ಮನೆಯಲ್ಲಿ ಏನು ಮಾತಾಡುವುದು? ಸ್ವಲ್ಪ ಹೊತ್ತು ಕೂತು, ಎದ್ದು, ಯಾರಿಗೂ ಏನೂ ಹೇಳದೆ ಬಂದುಬಿಟ್ಟೆವು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನುವ ಹಾಗಿಲ್ಲ. ಹೇಳದೆ ಕೇಳದೆ ಎದ್ದು ಬರಬೇಕು. ತಿರುಗಿ ನೋಡಬಾರದು.

ತಿಥಿ ಮುಗಿಯಿತು. ಚೆಲುವಣ್ಣ ಮರುದಿನದಿಂದ ಕೆಲಸಕ್ಕೆ ಬರುತ್ತಾರೆ ಅಂತ ಗೊತ್ತಾಯಿತು. ಹಿಂದಿನ ಸಂಜೆ ಗಿರಿಜಾ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು.

‘ಮೇಡಂ, ಡ್ರೈವರ್ ರೂಮಲ್ಲಿ ಆ ಪೋಸ್ಟರ್ ಇದೆಯಲ್ಲ...’

ಅವಳು ಪೂರ್ತಿ ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ! ಹೆಂಡತಿಯನ್ನು ಮಣ್ಣು ಮಾಡಿ ಬಂದ ಮನುಷ್ಯ ಬೂಟು ಬಿಚ್ಚುತ್ತಾ ಅದನ್ನು ಓದಬೇಕಾ? ನಂಜೇಶ ಬ್ಲೇಡು ತಂದ. ನಾಲ್ಕು ಮೂಲೆಯ ಗಮ್ ಕೆರೆದು, ಆ ಹೆಂಗಸನ್ನೂ ಮಗುವನ್ನೂ ಸುರುಳಿ ಸುತ್ತಿ ಸ್ಟೋರಿನ ಬೀರುವಿನ ಹಿಂದೆ ಇಟ್ಟೆವು. ಮ್ಯಾನೇಜರಿಗೆ ಹೇಳಿದೆವು. ಅವರೂ ಕಣ್ಣು ಒದ್ದೆ ಮಾಡಿಕೊಂಡು ‘ಒಳ್ಳೇ ಕೆಲಸ ಮಾಡಿದ್ರಿ’ ಅಂದರು. ಆದರೆ ಖಾಲಿ ಗೋಡೆ ಅವರಿಂದ ನೋಡಲಾಗಲಿಲ್ಲ. ಬೆಳಿಗ್ಗೆ ನೋಡಿದರೆ ಅಲ್ಲಿ ಒಂದು ಬಿಳಿ ಕುದುರೆ ಓಡುತ್ತಿತ್ತು. ‘ಸಮಯವನ್ನು ಗೆದ್ದವನು ಜಗತ್ತನ್ನೇ ಗೆಲ್ಲುತ್ತಾನೆ.’

ಅಷ್ಟಕ್ಕೇ ನಿಲ್ಲಲಿಲ್ಲ ನಮ್ಮ ಕಾಳಜಿ. ಚೆಲುವಣ್ಣನ ಎದುರಿಗೆ ಮನೆಯ ಮಾತು ಎತ್ತಬಾರದು ಅಂತ ನಾವು ನಾವೇ ತೀರ್ಮಾನ ಮಾಡಿಕೊಂಡೆವು. ಗಿರಿಜಾ ‘ಇವತ್ತೇನು’ ಅಂತ ಕೂಗುವುದನ್ನು ಬಿಟ್ಟಳು. ‘ಊಟ ಆಯ್ತಾ’ ಅಂತ ಯಾರೂ ಕೇಳುತ್ತಿರಲಿಲ್ಲ, ಯಾರು ಮಾಡಿ ಹಾಕುತ್ತಾರೆ ಅಂತ ನೆನಪಾಗಿಬಿಟ್ಟರೆ? ನಂಜೇಶ ಹೆಂಡತಿಯ ಫೋನು ಬಂದರೆ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದ. ಸಂಜೆ ಮನೆಗೆ ಹೊರಡುವಾಗ ಮೊದಲೆಲ್ಲ ಒಬ್ಬೊಬ್ಬರೂ ಡ್ರೈವರ್ ರೂಮಿಗೆ ಇಣುಕಿ ‘ಬರ್ತೀವಿ’ ಅಂತ ಹೇಳಿಯೇ ಹೋಗುತ್ತಿದ್ದೆವು. ಈಗ ಆ ಮಾತೂ ಬಾಯಿಗೆ ಬರುತ್ತಿರಲಿಲ್ಲ. ಒಳಗೆ ಅವರು ಕೂತಿರುತ್ತಿದ್ದರು. ನಾವು ಚಪ್ಪಲಿ ಸದ್ದಾಗದ ಹಾಗೆ ದಾಟಿ ಹೋಗುತ್ತಿದ್ದೆವು.

ದುಃಖದಲ್ಲಿರುವವರಿಗೆ ತೊಂದರೆ ಕೊಡಬಾರದು ಅಂತ ನಮ್ಮ ಲೆಕ್ಕ. ನೀವಾದರೂ ಹೀಗೇ ಮಾಡುತ್ತಿದ್ದಿರಿ, ಅಲ್ಲವಾ?

ಅಷ್ಟರಲ್ಲಿ ಒಂದು ವಿಚಿತ್ರ ಶುರುವಾಯಿತು. ಅರಕಲಗೂಡಿನ ವ್ಯಾನು ಬೇಗ ಬರತೊಡಗಿತು.

ಮೊದಲು ಸ್ವಲ್ಪ ಬೇಗ. ಆಮೇಲೆ ಇನ್ನೂ ಬೇಗ. ಕಟ್ಟಕಡೆಗೆ ಬರುತ್ತಿದ್ದ ಗಾಡಿ ಮಧ್ಯಕ್ಕೆ ಬಂತು, ಮಧ್ಯದಿಂದ ಮೊದಲಿಗೆ ಬಂತು. ಗಿರಿಜಾ ಏಪ್ರನ್ ಹಾಕಿಕೊಳ್ಳುವ ಮೊದಲೇ ಚೆಲುವಣ್ಣ ಕ್ಯಾನು ಇಳಿಸುತ್ತಿದ್ದರು. ಮ್ಯಾನೇಜರಿಗೆ ಆದ ಖುಷಿ ಹೇಳತೀರದು. ಡ್ರೈವರ್ ರೂಮಿಗೆ ಹೋಗಿ ಕುದುರೆಯ ಮುಂದೆ ನಿಂತು, ‘ನೋಡಿದ್ರಾ ಮೇಡಂ? ನೀವು ಇದನ್ನೆಲ್ಲ ಆಡ್ಕೊಂಡು ನಗ್ತಿದ್ರಿ. ಒಂದೇ ಒಂದು ಪೋಸ್ಟರು! ಮನುಷ್ಯ ಹೇಗೆ ಬದಲಾದ ನೋಡಿ’ ಅಂದರು.

ತಿಂಗಳ ಮೀಟಿಂಗಿನಲ್ಲಿ ಚೆಲುವಣ್ಣನಿಗೆ ಸನ್ಮಾನವೇ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ನೋವಿನಲ್ಲೂ ಕರ್ತವ್ಯ ಮರೆಯದವರು ಅಂತ ಭಾಷಣ. ನಾವು ಚಪ್ಪಾಳೆ ಹೊಡೆದೆವು. ಆಫೀಸಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು, ಎಲ್ಲರೂ ಹೆಬ್ಬೆರಳು ಒತ್ತಿದೆವು. ನಾನೂ ಒತ್ತಿದೆ. ಚೆಲುವಣ್ಣ ಶಾಲು ಹೊದ್ದುಕೊಂಡೇ ಹೋಗಿ ಡ್ರೈವರ್ ರೂಮಿನಲ್ಲಿ ಕೂತರು. ಹಣ್ಣಿನ ಬುಟ್ಟಿ ಬೆಂಚಿನ ಮೇಲೆ ಹಾಗೇ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಕೊಡುವುದಕ್ಕೆ ಮನೆಯಲ್ಲಿ ಯಾರಿದ್ದರು? ಎರಡು ದಿನ ಬಿಟ್ಟು ಸೆಕ್ಯುರಿಟಿಯವನು ಬಾಳೆಹಣ್ಣು ಕಪ್ಪಾಗಿವೆ ಅಂತ ಹಸುವಿಗೆ ಹಾಕಿದ.

ಯೋಚನೆ ಮಾಡಿದ್ದರೆ ಆಗಲೇ ಹೊಳೆಯಬೇಕಿತ್ತು. ಬೇಗ ಬರುವವನು ಬೇಗ ಮನೆಗೆ ಹೋಗಬೇಕು ತಾನೆ? ಚೆಲುವಣ್ಣ ಹೋಗುತ್ತಿರಲಿಲ್ಲ. ಕೆಲಸ ಮುಗಿದರೂ ಅದೇ ಬೆಂಚಿನ ಮೇಲೆ ಕೂತಿರುತ್ತಿದ್ದರು. ಸೆಕ್ಯುರಿಟಿಯವನು ಬೀಗ ಹಾಕುವುದಕ್ಕೆ ಬಂದಾಗಲೇ ಏಳುತ್ತಿದ್ದದ್ದು. ಮನೆಗೆ ಹೋಗುವ ಆತುರವಿಲ್ಲದ ಮನುಷ್ಯ ರಸ್ತೆಯಲ್ಲಿ ಯಾಕೆ ಆತುರಪಡುತ್ತಿದ್ದಾರೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಒಂದು ದಿನ ಅರಕಲಗೂಡಿನ ಕಡೆಯ ಒಂದು ಡೈರಿಯಿಂದ ಫೋನು ಬಂತು. ಅಲ್ಲಿನ ಸೆಕ್ರೆಟರಿ ಹೆಂಗಸು.

‘ಮೇಡಮ್ನೋರೆ, ನಿಮ್ ಗಾಡಿ ಯಾಕಿಂಗ್ ನುಗ್ತೈತೆ? ಮಕ್ಳು ಸ್ಕೂಲಿಗ್ ಓಗೋ ರೋಡು. ಮೊದ್ಲು ಎಂಗಿದ್ದೋರು ಚೆಲುವಣ್ಣ! ಈಗ ಕ್ಯಾನ್ ಏರ್ಸಿದ್ದೇ ತಡ, ಧೂಳೆಬ್ಬಿಸ್ಕಂಡ್ ಓಗ್ಬುಡ್ತಾರೆ. ನೀವಾದ್ರೂ ಒಂದ್ ಮಾತ್ ಏಳಿ.’

ನಾನು ನಂಜೇಶನಿಗೆ ಹೇಳಿದೆ. ಅವನು ಪೆಚ್ಚಾಗಿ ನಿಂತ. ‘ನಾನೇನ್ ಏಳ್ಲಿ ಮೇಡಂ? ನೋವಲ್ಲವ್ರೆ. ಅದ್ರ ಮೇಲೆ ನಾನೂ ಏಳುದ್ರೆ ಬೇಜಾರ್ ಮಾಡ್ಕತಾರೆ’ ಅಂದ. ಮ್ಯಾನೇಜರಿಗೆ ಹೇಳಿದೆ. ‘ಸ್ವಲ್ಪ ಫಾಸ್ಟ್ ಆಗಿದ್ದಾರೆ, ಅಷ್ಟೇ’ ಅಂದರು. ನಾನೇ ಹೋಗಿ ಹೇಳೋಣ ಅಂತ ಡ್ರೈವರ್ ರೂಮಿನ ಬಾಗಿಲವರೆಗೂ ಹೋದೆ. ಅವರು ಗೋಡೆ ನೋಡುತ್ತಾ ಕೂತಿದ್ದರು. ಆ ಮುಖ ನೋಡಿ ವಾಪಸ್ ಬಂದೆ.

ಆಮೇಲೆ ಆಗಬಾರದ್ದು ಆಯಿತು. ಹೊಳೆನರಸೀಪುರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ನಾಲೆಯ ಪಕ್ಕದ ತಿರುವಿನಲ್ಲಿ ವ್ಯಾನು ಹಿಡಿತ ತಪ್ಪಿ, ತಡೆಗೋಡೆಗೆ ಗುದ್ದಿ ಮಗುಚಿಕೊಂಡಿತು. ಕ್ಯಾನುಗಳೆಲ್ಲ ಉರುಳಿ, ರಸ್ತೆಯುದ್ದಕ್ಕೂ ಹಾಲು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ಚೆಲುವಣ್ಣನ ಬಲಗೈ ಮುರಿದಿತ್ತು, ಹೆಗಲ ಮೂಳೆ ಬಿರುಕು ಬಿಟ್ಟಿತ್ತು, ಹಣೆಗೆ ಹೊಲಿಗೆ. ಗದ್ದೆಯಲ್ಲಿದ್ದವರು ಎಳೆದು ಆಚೆ ತೆಗೆದರಂತೆ.

ಹೊಳೆನರಸೀಪುರದ ಆಸ್ಪತ್ರೆಗೆ ನಾನು, ಗಿರಿಜಾ, ನಂಜೇಶ ಹೋದೆವು. ಮಂಚದ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದರು. ನಮ್ಮನ್ನು ನೋಡಿ ಎದ್ದೇಳಲು ಹೋದರು.

‘ಹಾಲೆಲ್ಲ ಓಯ್ತು ಮೇಡಮ್ನೋರೆ’ ಅಂದರು ಮೊದಲಿಗೆ.

‘ಹಾಲು ಹಾಳಾಗ್ಲಿ ಬಿಡಿ. ನೀವು ಉಳಿದ್ರಲ್ಲ’ ಅಂದೆ.

ಅವರು ಮತ್ತೆ ದಿಂಬಿಗೆ ತಲೆ ಇಟ್ಟರು. ಫ್ಯಾನ್ ನೋಡುತ್ತಾ ಮಲಗಿದ್ದರು. ಗಿರಿಜಾ ಎಳನೀರು ಕುಡಿಸಿದಳು. ಕುಡಿದು ಮುಗಿಸಿ ಅವರೇ ನನ್ನ ಕಡೆ ತಿರುಗಿದರು.

‘ಒಂದ್ ಮಾತ್ ಕೇಳ್ಲಾ? ಆ ಬಾಗ್ಲಲ್ಲಿ ನಿಂತಿದ್ ಎಂಗ್ಸು... ಅವ್ಳನ್ ಯಾಕ್ ತೆಗುದ್ಬುಟ್ರಿ?’

ಯಾರ ಮಾತು ಅಂತ ನನಗೆ ತಕ್ಷಣ ಗೊತ್ತಾಗಲಿಲ್ಲ. ಆಮೇಲೆ ಆ ಪೋಸ್ಟರ್ ನೆನಪಾಯಿತು. ‘ನಿಮಗೆ ನೋಡಿ ಬೇಜಾರಾಗುತ್ತೆ ಅಂತ...’ ಅಂದೆ.

‘ಆಯ್ತಿತ್ತು. ಆಗ್ಲಿ ಬುಡಿ ಅಂತಿದ್ದೆ. ಬೇಜಾರಾದ್ರೆ ತಾನೆ ಬ್ರೇಕ್ ಮೇಲೆ ಕಾಲ್ ಓಗದು?’

ನಂಜೇಶ ಕಿಟಕಿಯ ಕಡೆ ತಿರುಗಿ ನಿಂತ.

‘ತಿಥಿ ಮುಗುಸ್ಕಂಡ್ ಬಂದೋನು ನಾನು ಮೊದ್ಲು ಆ ರೂಮಿಗೇ ಬಂದೆ. ಮನೇಲಿ ಎಲ್ ನೋಡುದ್ರೂ ಅವ್ಳಿಲ್ಲ. ಇಲ್ಲಾರಾ ಒಬ್ಳು ನಿಂತವ್ಳಲ್ಲ, ಅದ್ಯಾರಾಗ್ಲಿ, ಕಾಯ್ತಾವ್ಳಲ್ಲ ಅನ್ಕಂಡ್ ಬಂದೆ. ನೋಡುದ್ರೆ ಕುದ್ರೆ. ಎಲ್ಲಾರೂ ಸೇರ್ಕಂಡು, ನಿನ್ಗಿನ್ಯಾರೂ ಕಾಯಕಿಲ್ಲ ಕಣ ಓಗು ಅಂದಂಗಾಯ್ತು ಮೇಡಮ್ನೋರೆ.’

‘ಹಾಗಲ್ಲ ಚೆಲುವಣ್ಣ...’

‘ಗೊತ್ತು, ನೀವು ಒಳ್ಳೇದುಕ್ಕೇ ಮಾಡಿದ್ರಿ.’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ‘ಊಟ ಆಯ್ತಾ ಅಂತ ಕೇಳೋರೇ ಇಲ್ದಂಗಾಯ್ತು. ಓಗೋವಾಗ ಬತ್ತೀನಿ ಅಂತನೂ ಒಬ್ರೂ ಏಳ್ತಿರ್ಲಿಲ್ಲ. ಸಾವಿನ್ ಮನೇಲಿ ಏಳ್ಬಾರ್ದು, ಸರಿ. ಯಾಕ್ ಮೇಡಮ್ನೋರೆ, ನಾನೇ ಸಾವಿನ್ ಮನೆ ಆಗ್ಬುಟ್ನಾ?’

ಗಿರಿಜಾ ಜೋರಾಗಿ ಅತ್ತುಬಿಟ್ಟಳು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ನಾನೂ ಅತ್ತೆ. ಅದರಲ್ಲೇನು ಮುಚ್ಚುಮರೆ?

ಕೊನೆಗೆ ನಾನು ಕೇಳಬಾರದ್ದನ್ನು ಕೇಳಿದೆ. ‘ಬೇಕು ಅಂತಲೇ ಹಾಗೆ ಓಡಿಸ್ತಿದ್ರಾ?’

‘ಬೇಕು ಅಂತ ಅಲ್ಲ’ ಅಂದರು. ‘ಬ್ಯಾಡ ಅನ್ನಕ್ಕೆ ಏನೂ ಇರ್ಲಿಲ್ಲ.’

ವಾಪಸ್ ಬರುವಾಗ ಕಾರಿನಲ್ಲಿ ನನಗೆ ಒಂದೇ ಯೋಚನೆ. ಸೂತಕ ಇರುವುದು ಹನ್ನೊಂದು ದಿನ. ಆಮೇಲೆ ನೀರು ಹುಯ್ದುಕೊಂಡು, ಮನೆ ತೊಳೆದು, ಊರವರಿಗೆಲ್ಲ ಊಟ ಹಾಕಿ, ಮತ್ತೆ ಎಲ್ಲರ ಜೊತೆ ಸೇರಿಸಿಕೊಳ್ಳುತ್ತಾರೆ. ತಿಥಿ ಮಾಡುವುದೇ ಅದಕ್ಕೆ. ಅಲ್ಲಿಗೆ ಹೋಗಿ ಬಾಳೆಲೆಯ ಮುಂದೆ ಕೂತು ಉಂಡು ಬಂದವರು ನಾವು. ಆದರೆ ಆಫೀಸಿನಲ್ಲಿ ಆ ಸೂತಕ ತೆಗೆಯುವುದನ್ನೇ ಮರೆತಿದ್ದೆವು. ಒಂದು ವಾರವಲ್ಲ, ಎರಡು ವಾರವಲ್ಲ, ತಿಂಗಳುಗಟ್ಟಲೆ ಒಬ್ಬ ಮನುಷ್ಯನನ್ನು ಜಗಲಿಯ ಮೇಲೆ ಕೂರಿಸಿಟ್ಟಿದ್ದೆವು. ಅದನ್ನು ಮರ್ಯಾದೆ ಅಂತ ಬೇರೆ ತಿಳಿದುಕೊಂಡಿದ್ದೆವು.

ಮ್ಯಾನೇಜರಿಗೆ ವಿಷಯ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು. (ಒಳ್ಳೆಯವರೇ ಅಂತ ನಾನು ಮೊದಲೇ ಹೇಳಿದೆನಲ್ಲ.) ಆಮೇಲೆ ತಾವೇ ಸ್ಟೋರಿಗೆ ಹೋಗಿ, ಬೀರುವಿನ ಹಿಂದಿನ ಸುರುಳಿ ತೆಗೆದು, ಧೂಳು ಒರೆಸಿ, ಕುದುರೆಯನ್ನು ಕಿತ್ತುಹಾಕಿ ಅದನ್ನು ಅಂಟಿಸಿದರು. ಅಂಟಿಸಿದ ಮೇಲೆ ಒಂದು ಫೋಟೋ ಹೊಡೆದು ಗ್ರೂಪಿಗೆ ಹಾಕಿದರು. ‘ಸೇಫ್ಟಿ ಫಸ್ಟ್’ ಅಂತ. ಅವರನ್ನು ಬೈಯುವುದೋ ಬೇಡವೋ ಅಂತ ನನಗಿನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಪೋಸ್ಟರುಗಳಿಂದ ಏನೂ ಆಗುವುದಿಲ್ಲ ಅಂತ ಇಷ್ಟು ದಿನ ವಾದ ಮಾಡಿದವಳು ನಾನು. ಈಗ ಆ ಮಾತು ಹೇಳುವುದಕ್ಕೆ ಬಾಯಿ ಬರುತ್ತಿಲ್ಲ. ಚನ್ನರಾಯಪಟ್ಟಣದ ಭಾಮೈದ ಎಲ್ಲಿಂದಲೋ ಎತ್ತಿ ಅಂಟಿಸಿದ ಒಬ್ಬ ಗುರುತಿಲ್ಲದ ಹೆಂಗಸು, ನಮ್ಮ ಒಬ್ಬ ಡ್ರೈವರಿನ ಕಾಲನ್ನು ಬ್ರೇಕಿನ ಮೇಲೆ ಇಡಿಸಬಲ್ಲವಳಾಗಿದ್ದಳು. ಹಾಗಂತ ಪೋಸ್ಟರಿಗೆ ಶಕ್ತಿ ಇದೆ ಅಂತಲೂ ಒಪ್ಪಲಾರೆ. ಸುತ್ತ ಇದ್ದ ನಾವು ನಾಲ್ಕು ಜನ ಬಾಯಿ ಮುಚ್ಚಿಕೊಂಡಿದ್ದರಿಂದ ತಾನೆ ಆ ಮನುಷ್ಯ ಕಾಗದದ ಹೆಂಗಸನ್ನು ಹುಡುಕಿಕೊಂಡು ಬಂದದ್ದು? ಬಾಯಿದ್ದವರು ಆಡದೇ ಹೋದರೆ ಗೋಡೆಯ ಮಾತೇ ಗತಿಯಾಗುತ್ತದೆ. ನನಗೆ ನಾಚಿಕೆಯಾಗುತ್ತಿದೆ, ಸಿಟ್ಟೂ ಬರುತ್ತಿದೆ. ಯಾರ ಮೇಲೆ ಅಂತ ಕೇಳಬೇಡಿ.

ಹೋದ ವಾರ ಚೆಲುವಣ್ಣನನ್ನು ಡಿಸ್ಚಾರ್ಜ್ ಮಾಡಿದರು. ಮಗಳು ಆಸ್ಪತ್ರೆಯಲ್ಲಿ ಜೊತೆಗಿದ್ದು ಹೋಗಿದ್ದಳು, ಮರುದಿನ ಮತ್ತೆ ಬರುವವಳಿದ್ದಳು. ಹಾಗಾಗಿ ನಾನೂ ನಂಜೇಶನೂ ಅವನ ಮಾವನ ಕಾರಿನಲ್ಲಿ ಚೆಲುವಣ್ಣನನ್ನು ಊರಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ನಂಜೇಶ ಬೇಕೆಂತಲೇ ಬಾಯಿ ಬಿಡುತ್ತಿದ್ದ. ಹೆಂಡತಿ ಬಸಿರಿ ಅಂತ ಹೇಳಿದ, ಅವಳಿಗೆ ಊಟ ಸೇರುತ್ತಿಲ್ಲ ಅಂತ ಹೇಳಿದ, ಸಾಕಮ್ಮನ ಹುಚ್ಚೆಳ್ಳು ಪುಡಿ ಇದ್ದಿದ್ದರೆ ಒಂದು ತುತ್ತಾದರೂ ತಿನ್ನುತ್ತಿದ್ದಳು ಅಂದ. ಹೇಳಿದ ಮೇಲೆ ಕನ್ನಡಿಯಲ್ಲಿ ಹೆದರಿ ಹೆದರಿ ನೋಡಿದ. ಚೆಲುವಣ್ಣನ ಕಣ್ಣಲ್ಲಿ ನೀರಿತ್ತು. ‘ಅವ್ಳು ಅದಕ್ಕೆ ಬೆಳ್ಳುಳ್ಳಿ ಜಾಸ್ತಿ ಹಾಕ್ತಿದ್ಲು ಕಣ್ಲಾ. ನಿನ್ ಎಂಡ್ತಿಗೂ ಏಳು’ ಅಂದರು. ಸಾಕಮ್ಮ ಹೋದ ಮೇಲೆ ಅವರ ಬಾಯಲ್ಲಿ ಸಾಕಮ್ಮನ ಮಾತು ನಾನು ಕೇಳಿದ್ದು ಅದೇ ಎರಡನೇ ಸಲ.

ಊರು ಬಂತು. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಯಾರೂ ಇರಲಿಲ್ಲ.

ಮನೆಗೆ ಬೀಗ. ಚೆಲುವಣ್ಣ ಎಡಗೈಯಲ್ಲಿ ಜೇಬಿನಿಂದ ಬೀಗದ ಕೈ ತೆಗೆದರು. ತೆಗೆದವರು ಅದನ್ನು ನನ್ನ ಕೈಗೆ ಕೊಟ್ಟರು. ಕೈ ನೋವು, ತಿರುಗಿಸಲು ಆಗುವುದಿಲ್ಲ ಅಂದುಕೊಂಡೆ. ಬೀಗ ತೆಗೆದು ಬಾಗಿಲು ದೂಡಿ, ‘ಬನ್ನಿ’ ಅಂತ ಪಕ್ಕಕ್ಕೆ ಸರಿದು ನಿಂತೆ. ಅವರು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತಿದ್ದರು.

‘ನೀವ್ ಮೊದ್ಲು ಒಳಿಕ್ ಓಗಿ ಮೇಡಮ್ನೋರೆ.’

‘ಅಯ್ಯೋ, ನಿಮ್ಮ ಮನೆ. ನೀವು ಬನ್ನಿ ಚೆಲುವಣ್ಣ.’

‘ಇಲ್ಲ ಮೇಡಮ್ನೋರೆ. ಒಳಗ್ ಯಾರಾರಾ ಇದ್ರೆ... ನಂಗೆ ಬರಕ್ಕಾಯ್ತದೆ.’

ಅಷ್ಟು ದಿನ ಅವರು ಆಫೀಸಿನ ಬೆಂಚು ಬಿಟ್ಟು ಏಳದೆ ಕೂತಿರುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ನಾನು ಒಳಗೆ ಹೋದೆ. ಮುಚ್ಚಿದ ಮನೆಯ ಮುಗ್ಗಲು ವಾಸನೆ. ಒಲೆಯ ಪಕ್ಕ ಪಾತ್ರೆಗಳು ಬೋರಲು. ಕಿಟಕಿ ತೆಗೆದೆ, ಲೈಟು ಹಾಕಿದೆ. ಬೇರೆಯವರ ಮನೆಯಲ್ಲಿ ಮನೆಯವಳ ಹಾಗೆ ನಿಂತು ಹೇಗೆ ಕರೆಯುವುದು? ಆದರೂ ನಡುಮನೆಯಲ್ಲಿ ನಿಂತು ಜೋರಾಗಿಯೇ ಕೂಗಿದೆ, ‘ಬನ್ನಿ ಚೆಲುವಣ್ಣ’ ಅಂತ.

ಬಂದರು. ಹೊಸಿಲಲ್ಲಿ ಒಂದು ಕ್ಷಣ ನಿಂತು, ತಲೆ ಬಗ್ಗಿಸಿಕೊಂಡು ಒಳಗೆ ಬಂದರು. ನಂಜೇಶ ಪಕ್ಕದ ಮನೆಯಿಂದ ಹಾಲು ಇಸಿದುಕೊಂಡು ಬಂದ. ಟೀ ಮಾಡಿದೆವು, ಕೂತೆವು, ಬಿಸಿಲು ಇಳಿಯುವವರೆಗೂ ಮಾತಾಡಿದೆವು.

ಈಗ ಮಗಳು ಬಂದು ನಾಲ್ಕು ದಿನ ಇದ್ದು ಹೋಗಿದ್ದಾಳೆ. ಅವಳಿಗೂ ಸಂಸಾರ ಇದೆ. ತಂದೆಯನ್ನು ಜೊತೆಗೆ ಕರೆದಳು, ಅಳಿಯನ ಮನೆಯಲ್ಲಿ ಹೇಗಿರೋದು ಅಂತ ಇವರು ಒಪ್ಪಲಿಲ್ಲ. ಗಿರಿಜಾ ಒಂದು ದಿನ ಹೋಗಿದ್ದಳು, ನಂಜೇಶ ಎರಡು ಸಲ. ಕೈ ಕೂಡಿಕೊಂಡ ಮೇಲೆ ಮತ್ತೆ ಗಾಡಿ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಇದನ್ನು ಬರೆಯುತ್ತಿರುವಾಗ ಅವರು ಹಣೆಯ ಪಟ್ಟಿ ಬದಲಿಸಿಕೊಳ್ಳುವುದಕ್ಕೆ ಹಾಸನಕ್ಕೆ ಬಂದಿದ್ದಾರೆ, ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಾರೆ.

ಇವತ್ತು ಅವರು ಬೀಗ ತೆಗೆದಾಗ ಒಳಗಿನಿಂದ ‘ಬನ್ನಿ’ ಅನ್ನುವವರು ಯಾರು?